ವಿಮಾನದ ಕೀಲಿ ಮತ್ತು ವ್ಯತಿರೇಕ ಪರೀಕ್ಷೆ



ಮಠದಲ್ಲಿ ಕುಳಿತು ವಿಮಾನದ ಮಾತು ಆಡುವುದೆಂದರೆ ತಮ್ಮಲ್ಲಿ ಕೆಲವರಿಗೆ ನಗೆ ಬರಬಹುದು. ಬರಲಿ. ಆದರೆ ಇಲ್ಲಿ ನೆರೆದವರಲ್ಲಿ ರಾಯಚೂರಿನ ಗಿರಣಿಗಳಲ್ಲಿ ಮೋಟಾರು ನೋಡಿಕೊಳ್ಳುವವರಿದ್ದೀರಿ, ಮಾನ್ವಿಯ ಗದ್ದೆಗಳಲ್ಲಿ ಪಂಪು ನಡೆಸುವವರಿದ್ದೀರಿ, ದೇವದುರ್ಗದಲ್ಲಿ ಸ್ಕೂಟರು ರಿಪೇರಿ ಮಾಡುವ ಹುಡುಗರೂ ಇದ್ದೀರಿ. ತಮ್ಮೆಲ್ಲರ ಕೈ ದಿನಕ್ಕೆ ಹತ್ತು ಸಲ ಸ್ವಿಚ್ಚಿನ ಮೇಲೆ ಹೋಗುತ್ತದೆ. ಆದುದರಿಂದ ಇದು ತಮ್ಮ ಪ್ರಾಣಕ್ಕೆ ಸಂಬಂಧಿಸಿದ ಮಾತು.

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಪುಷ್ಪಕ ಎಂಬ ಸಣ್ಣ ವಿಮಾನ ಮಾಡಿದರು. 1958ರಲ್ಲಿ ಅದು ಮೊದಲು ಹಾರಿತು. ಹೆಸರು ರಾಮಾಯಣದ್ದು, ಆಸನ ಮಾತ್ರ ಇಬ್ಬರಿಗೆ, ಎಂಜಿನ್ನು 90 ಕುದುರೆ ಶಕ್ತಿಯದು. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಅದರಲ್ಲಿಯೇ ಹಾರಲು ಕಲಿತರು. ಇಂಥ ಎಂಜಿನ್ನಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ ಎಂಬ ಉಪಕರಣ. ಬ್ಯಾಟರಿಯ ಹಂಗು ಅದಕ್ಕಿಲ್ಲ. ಎಂಜಿನ್ನಿನೊಡನೆ ತಿರುಗುತ್ತ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸುತ್ತದೆ. ಆಕಾಶದಲ್ಲಿ ಒಂದು ಕೈಕೊಟ್ಟರೆ ಇನ್ನೊಂದಿರಲೆಂದು ಎರಡನ್ನು ಇಟ್ಟಿರುತ್ತಾರೆ.

ಇನ್ನು ಅದರ ಕೀಲಿಯ ವಿಚಿತ್ರವನ್ನು ಕೇಳಿರಿ. ಮನೆಯ ದೀಪದ ಸ್ವಿಚ್ಚು ಆರಿಸಿದರೆ ತಂತಿಯ ದಾರಿ ಕಡಿಯುತ್ತದೆ. ಮ್ಯಾಗ್ನೆಟೊದ ಕೀಲಿ ಆರಿಸಿದರೆ ತಂತಿಯ ದಾರಿ ಕೂಡುತ್ತದೆ. ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಎಂಜಿನ್ನಿನ ಮೈಗೆ ಇಳಿದುಹೋಗುತ್ತದೆ, ಕಿಡಿ ಹುಟ್ಟುವುದಿಲ್ಲ. ಹಾಗಾದರೆ ಆ ತಂತಿ ನಡುವೆ ತುಂಡಾದರೆ? ಕೀಲಿಯನ್ನು ಆರಿಸಿ ಜೇಬಿಗೆ ಹಾಕಿಕೊಂಡರೂ ಕಿಡಿ ಸಿದ್ಧವಾಗಿಯೇ ಇರುತ್ತದೆ. ಸಿಲಿಂಡರಿನಲ್ಲಿ ಸ್ವಲ್ಪ ಪೆಟ್ರೋಲು ಉಳಿದಿದ್ದು, ಯಾರಾದರೂ ಕೈಯಿಂದ ಪಂಖವನ್ನು ತುಸು ತಿರುಗಿಸಿದರೆ ಸಾಕು, ಎಂಜಿನ್ನು ಒಮ್ಮೆಲೆ ಹೊಡೆದುಕೊಳ್ಳಬಹುದು. ಪಂಖದ ಮುಂದೆ ನಿಂತವನ ಗತಿಯನ್ನು ನಾವು ಹೇಳಬೇಕಾಗಿಲ್ಲ. ದೇವದುರ್ಗದ ಹುಡುಗರಿಗೆ ಇದು ಹೊಸದಲ್ಲ: ಹಳೆಯ ಸ್ಕೂಟರಿನ ಆ ಒಂದು ತಂತಿ ಹರಿದರೆ ಗಾಡಿ ನಿಲ್ಲುವುದೇ ಇಲ್ಲವೆಂದು ಅವರು ಬಲ್ಲರು.

ನಾವು ಪಾಠಶಾಲೆಯಲ್ಲಿ ತರ್ಕ ಓದುವಾಗ ಅನ್ವಯ, ವ್ಯತಿರೇಕ ಎಂದು ಎರಡನ್ನು ಕಲಿಸುತ್ತಿದ್ದರು. ಹೊಗೆ ಇದ್ದಲ್ಲಿ ಬೆಂಕಿ ಇದೆ, ಇದು ಅನ್ವಯ. ಬೆಂಕಿ ಇಲ್ಲದಲ್ಲಿ ಹೊಗೆಯೂ ಇಲ್ಲ, ಇದು ವ್ಯತಿರೇಕ. ಎರಡೂ ಕೂಡಿದರೆ ನಿಶ್ಚಯ ಗಟ್ಟಿ. ಕೀಲಿ ಹಾಕಿದೆ, ಎಂಜಿನ್ನು ನಡೆಯಿತು ಎಂದಷ್ಟೇ ಸಂತೋಷಪಡುವವನು ಅರ್ಧ ತರ್ಕ ಓದಿದವನು.

ವಿಮಾನದವರು ಪ್ರತಿ ಹಾರಾಟಕ್ಕೆ ಮುಂಚೆ ವ್ಯತಿರೇಕವನ್ನೂ ನೋಡುತ್ತಾರೆ. ಸೆಸ್ನಾ 152 ಎಂಬ ತರಬೇತಿ ವಿಮಾನದಲ್ಲಿ ಎಂಜಿನ್ನನ್ನು ನಿಮಿಷಕ್ಕೆ 1700 ಸುತ್ತಿಗೆ ಏರಿಸಿ, ಒಮ್ಮೆ ಎಡ ಮ್ಯಾಗ್ನೆಟೊವನ್ನು, ಒಮ್ಮೆ ಬಲ ಮ್ಯಾಗ್ನೆಟೊವನ್ನು ಮಾತ್ರ ಉಳಿಸಿ ನೋಡುತ್ತಾರೆ. ಆಗ ವೇಗ ತುಸು ಇಳಿಯಬೇಕು. ಆದರೆ 125 ಸುತ್ತಿಗಿಂತ ಹೆಚ್ಚು ಇಳಿಯಬಾರದು. ಹೆಚ್ಚು ಇಳಿದರೆ ದೋಷವೆಂದು ಯಾರಾದರೂ ಒಪ್ಪುತ್ತಾರೆ. ಏನೂ ಇಳಿಯದಿದ್ದರೆ? ತಿಳಿಯದವನು, ಎಂಜಿನ್ನು ಬಹಳ ಗಟ್ಟಿಯಾಗಿದೆ ಎನ್ನುತ್ತಾನೆ. ತಿಳಿದವನು ಅಲ್ಲಿಯೇ ಎದ್ದು ನಿಲ್ಲುತ್ತಾನೆ. ಆರಿಸಿದ ಮ್ಯಾಗ್ನೆಟೊ ಆರಿಲ್ಲವೆಂದೇ ಅದರ ಅರ್ಥವಾಗಿರಬಹುದು.

ದೋಷ ಹುಡುಕುವಲ್ಲಿಯೂ ಅವಸರ ಸಲ್ಲದು. ಮೊದಲೇ ಹೊಸ ಸ್ವಿಚ್ಚು ತಂದು ಕೂರಿಸುವುದು ದುಡ್ಡಿನ ದಂಡ. ಪಂಖ ಜೀವಂತವಿದೆಯೆಂದೇ ಭಾವಿಸಿ, ಅದರ ಸುತ್ತಿನಿಂದ ದೂರವಿದ್ದು, ಕೀಲಿಯ ಹಿಂದಿನ ತಂತಿಗೆ ಮೀಟರು ಹಿಡಿಯುತ್ತಾರೆ. ಆರಿಸಿದಾಗ ತಂತಿಗೂ ವಿಮಾನದ ಮೈಗೂ ಕೂಟವಿರಬೇಕು, ಹಾಕಿದಾಗ ಇರಬಾರದು. ಕೀಲಿಯಲ್ಲಿ ಸರಿಯಿದ್ದರೆ ದೋಷ ಮುಂದಿನ ತಂತಿಯಲ್ಲಿದೆ. ಎಂಜಿನ್ನಿನ ನಡುಕಕ್ಕೆ ತುದಿಯ ಬೆಸುಗೆಯ ಬಳಿ ಹುರಿ ಹರಿದಿರುವುದುಂಟು. ಆದರೆ ಸವೆದ ಕೀಲಿಯೂ ಮೋಸ ಮಾಡಬಲ್ಲದು. ಅಮೆರಿಕದ ವಿಮಾನ ಇಲಾಖೆ 1976ರಲ್ಲಿ ಬೆಂಡಿಕ್ಸ್ ಕೀಲಿಗಳನ್ನು ಪ್ರತಿ 100 ಗಂಟೆಗೆ ಪರೀಕ್ಷಿಸಬೇಕೆಂದು ಆಜ್ಞೆ ಹೊರಡಿಸಿದ್ದು ಇದೇ ಕಾರಣಕ್ಕೆ.

ಈಗ ನಮ್ಮ ಹೊಲಕ್ಕೆ ಬರೋಣ. ಪಂಪಿನ ಮನೆಯ ದೀಪಕ್ಕೆ ಯಾರೋ ಸ್ವಿಚ್ಚನ್ನು ಲೈನಿನ ತಂತಿಗೆ ಹಾಕುವ ಬದಲು ನ್ಯೂಟ್ರಲ್ ತಂತಿಗೆ ಹಾಕಿರುತ್ತಾರೆ. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ನೋಡುವವನ ಕಣ್ಣಿಗೆ ಎಲ್ಲವೂ ಸರಿ. ಆದರೆ ದೀಪ ಆರಿದ ಮೇಲೂ ಹೋಲ್ಡರಿನಲ್ಲಿ ವಿದ್ಯುತ್ತು ಕಾದು ಕುಳಿತಿರುತ್ತದೆ. ಒದ್ದೆ ಕಾಲಿನಲ್ಲಿ ಬಲ್ಬು ಬದಲಿಸಲು ಹೋದವನಿಗೆ ಅದು ಗೊತ್ತಿರುವುದಿಲ್ಲ. ಕಾಲುವೆಯ ನೀರು ಬಂದಿರುವಾಗ ಕಾಲು ಒಣಗಿರುವ ರೈತನುಂಟೇ?

ಊರಿಗೆ ಹೋದೊಡನೆ ಬಲ್ಲ ಎಲೆಕ್ಟ್ರಿಷಿಯನ್ನರನ್ನು ಕರೆದು ಇದೊಂದನ್ನು ನೋಡಿಸಿರಿ. ಸ್ವಿಚ್ಚು ಆರಿಸಿ, ಹೋಲ್ಡರಿಗೆ ಟೆಸ್ಟರು ಇಡಲಿ. ಆ ಟೆಸ್ಟರು ಸ್ವತಃ ಸರಿಯಿದೆಯೋ ಎಂದು ಮೊದಲು ಉರಿಯುವ ಲೈನಿನ ಮೇಲೆ ನೋಡಿಕೊಳ್ಳಲಿ. ಅವರು ಬರುವುದು ತಡವಾದರೆ ಮೇನ್ ಸ್ವಿಚ್ಚು ಇಳಿಸಿಬಿಟ್ಟು ಒಂದು ರಾತ್ರಿ ಕಂದೀಲಿನಲ್ಲಿ ಕಳೆಯಿರಿ.