ಕೇಳದೆ ತಿದ್ದುವ ಕೈ

ಈಗಿನ ಮೊಬೈಲಿನಲ್ಲಿ ಚಿತ್ರ ತೆಗೆಯುವುದೆಂದರೆ ಗುಂಡಿಯನ್ನು ಒಮ್ಮೆ ಒತ್ತುವುದು, ಅಷ್ಟೆ. ಒತ್ತಿದ ಮೇಲೆ ಒಳಗೆ ನಡೆಯುವ ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಯಂತ್ರವು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ಹಿಡಿದು, ಒಂದರ ಮೇಲೊಂದನ್ನು ಹೊಂದಿಸಿ, ನೆರಳನ್ನು ತಿಳಿಯಾಗಿಸಿ, ಇದು ಆಕಾಶ, ಇದು ಹಸುರು, ಇದು ಮುಖ ಎಂದು ಗುರುತಿಸಿ, ಒಂದೊಂದಕ್ಕೂ ಒಂದೊಂದು ಬಗೆಯ ಸಂಸ್ಕಾರ ಮಾಡಿ ನಮ್ಮ ಕೈಗೆ ಕೊಡುತ್ತದೆ. ಅಷ್ಟು ಸಣ್ಣ ಗಾಜಿನ ಕಣ್ಣಿಗೆ ಈ ನೆರವು ಬೇಕೇ ಬೇಕು. ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಲ್ಲಾಗಲಿ, ನಾಗಮಂಗಲದ ಸೌಮ್ಯಕೇಶವನ ಗುಡಿಯಲ್ಲಾಗಲಿ, ಒಳಗಿನ ಮಬ್ಬಿನಲ್ಲಿ ಕಂಬಗಳ ರೂಪು ಚಿತ್ರದಲ್ಲಿ ಮೂಡುವುದು ಈ ಜಾಣ್ಮೆಯಿಂದಲೇ. ಆದುದರಿಂದ ನನ್ನ ತಕರಾರು ನೆರವಿನ ಮೇಲಲ್ಲ. ಕೇಳದೆ ಬರುವ, ಬಂದುದನ್ನು ಹೇಳದಿರುವ ನೆರವಿನ ಮೇಲೆ.

2023ರ ಮಾರ್ಚ್ ತಿಂಗಳಲ್ಲಿ ಒಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಗಣಕದ ತೆರೆಯ ಮೇಲಿಟ್ಟು, ಸ್ಯಾಮ್‌ಸಂಗ್ ಮೊಬೈಲಿನಿಂದ ಸೆರೆಹಿಡಿದರು. ಮಸುಕಿನಲ್ಲಿ ಇಲ್ಲದ ವಿವರಗಳು ಹೊಸ ಚಿತ್ರದಲ್ಲಿದ್ದವು! ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ಕೃತಕ ಬುದ್ಧಿಯ ಏರ್ಪಾಡು ಇರುವುದನ್ನು ಕಂಪನಿಯೇ ಆಮೇಲೆ ವಿವರಿಸಿತು. ಇದಕ್ಕೆ ವಿರುದ್ಧವಾದ ಸಂಗತಿ 2020ರ ಸೆಪ್ಟೆಂಬರಿನದು. ಕಾಳ್ಗಿಚ್ಚಿನ ಹೊಗೆಯಿಂದ ಸ್ಯಾನ್ ಫ್ರಾನ್ಸಿಸ್ಕೋದ ಆಕಾಶ ಕಿತ್ತಳೆಯ ಬಣ್ಣಕ್ಕೆ ತಿರುಗಿದಾಗ, ಅನೇಕ ಫೋನುಗಳು ಆಕಾಶಕ್ಕೆ ಅಂಥ ಬಣ್ಣವಿರಲಾರದೆಂಬಂತೆ ಅದನ್ನು ಬೂದುಗೊಳಿಸಿ ತೋರಿಸಿದವು. ಒಂದೆಡೆ ಇಲ್ಲದುದು ಸೇರಿತು, ಇನ್ನೊಂದೆಡೆ ಇದ್ದುದು ಅಳಿಯಿತು.

ನಮ್ಮ ಸೀಮೆಗೆ ಬರೋಣ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವೈರಮುಡಿ ಉತ್ಸವ ನಡೆಯುವುದು ರಾತ್ರಿಯ ಹೊತ್ತು. ಆ ಕಿರೀಟದ ಮೇಲೆ ಹಗಲಿನ ಬೆಳಕು ಬೀಳಬಾರದೆಂಬುದು ಅಲ್ಲಿಯ ನಂಬಿಕೆ. ಚೆಲುವನಾರಾಯಣನ ಸುತ್ತಣ ಕತ್ತಲೆಯೂ ಆ ದರ್ಶನದ ಒಂದು ಅಂಗ. ಮೊಬೈಲಿನ ರಾತ್ರಿಚಿತ್ರದ ಸವಲತ್ತು ಅದನ್ನು ನಸುಹಗಲಾಗಿಸಿಬಿಡುತ್ತದೆ. ಚಿತ್ರ ಸೊಗಸಾಗಿರುತ್ತದೆ, ನಿಜ. ಅಲ್ಲಿ ನಿಂತವರು ಕಂಡದ್ದು ಮಾತ್ರ ಅದಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಇನ್ನೊಂದು ಪಾಠ ಹೇಳುತ್ತದೆ. 1780ರ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರಗಳು ಅಳಿಸಿಹೋಗಿದ್ದಾಗ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದ. ಮತ್ತೆ ಮಾಸಿದಾಗ, 19ನೆಯ ಶತಮಾನದ ನಡುವೆ, ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬರೆಸಲಾಯಿತು. ಅಂದರೆ ನಾವಿಂದು ನೋಡುವುದು ತಿದ್ದಿದ ಚಿತ್ರವನ್ನೇ. ಆದರೆ ತಿದ್ದಿದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಯಾವುದು ಮೊದಲಿನ ಗೆರೆ, ಯಾವುದು ಆಮೇಲಿನದು ಎಂದು ಕೇಳಲು ನಮಗೆ ದಾರಿಯಿದೆ. ಮೊಬೈಲಿನ ಚಿತ್ರ ಆ ಪ್ರಶ್ನೆಗೇ ಎಡೆಗೊಡುವುದಿಲ್ಲ.

ಹಿಂದಿನ ಸ್ಟುಡಿಯೋದವರೂ ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸುತ್ತಿರಲಿಲ್ಲವೆ ಎಂದು ನೀವು ಕೇಳಬಹುದು. ಆಡಿಸುತ್ತಿದ್ದರು. ಆದರೆ ತಿದ್ದುವವರು ಎದುರಿಗೇ ಇರುತ್ತಿದ್ದರು. “ಆ ಮಚ್ಚೆ ಹಾಗೇ ಇರಲಿ, ಸ್ವಾಮಿ” ಎಂದು ಹೇಳಬಹುದಾಗಿತ್ತು.

ಈ ಮಾತು ಹೆಚ್ಚು ನಾಟುವುದು ಮುಖಗಳ ವಿಷಯದಲ್ಲಿ. ಗದ್ದೆಯ ಬಿಸಿಲಿನಲ್ಲಿ ಆಯುಷ್ಯ ಕಳೆದ ಅಜ್ಜಿಯ ಮುಖದ ಸುಕ್ಕನ್ನು, ಕಪ್ಪನ್ನು, ಸಿಡುಬಿನ ಕಲೆಯನ್ನು ಯಂತ್ರ ದೋಷವೆಂದು ಬಗೆದು ಸವರಿಬಿಟ್ಟರೆ, ಆಕೆ ಹೋದ ಮೇಲೆ ಗೋಡೆಯ ಮೇಲೆ ಉಳಿಯುವುದು ಯಾರ ಮುಖ? ಆಕೆಯನ್ನು ಕಾಣದ ಮರಿಮಕ್ಕಳಿಗೆ ಬೇರೆ ಸಾಕ್ಷಿಯಿಲ್ಲ. 2020ರಲ್ಲಿ ಗೂಗಲ್ ತನ್ನ ಹೊಸ ಫೋನುಗಳಲ್ಲಿ ಮುಖ ತಿದ್ದುವ ಸವಲತ್ತನ್ನು ತಾನಾಗಿ ಚಾಲೂ ಇರದಂತೆ ಮಾಡಿತು. ಬೇಕಾದವರು ಹಾಕಿಕೊಳ್ಳಬಹುದು. ಇದು ಸರಿಯಾದ ಕ್ರಮ.

ಎಲ್ಲ ತಯಾರಕರೂ ಮಾಡಬೇಕಾದುದು ಇಷ್ಟೆ: ತಿದ್ದುವ ಮುನ್ನ ಕೇಳಲಿ, ತಿದ್ದಿದ್ದನ್ನು ತಿಳಿಸಲಿ, ತಿದ್ದದ ಪ್ರತಿಯನ್ನೂ ಉಳಿಸಲಿ. ನಾವಾದರೂ ಹಿರಿಯರ ಚಿತ್ರ ತೆಗೆಯುವ ಮುನ್ನ ಕ್ಯಾಮೆರಾದ ಸೆಟ್ಟಿಂಗ್ಸ್ ತೆರೆದು, ಮುಖದ ಅಂದ ಹೆಚ್ಚಿಸುವ ಆಯ್ಕೆಯನ್ನು ಆರಿಸಿಬಿಡೋಣ. ಅರೆನಿಮಿಷದ ಕೆಲಸ ಅದು.