ಡ್ರಾಪ್‌ಡೌನ್‌ನಲ್ಲಿ ದೇಶವೇ ಇಲ್ಲ

ನಾನಿರೋದು ಶಂಶಾಬಾದ್‌ನಲ್ಲಿ, 2008ರಲ್ಲಿ ಶುರುವಾದ ಹೈದರಾಬಾದ್ ವಿಮಾನ ನಿಲ್ದಾಣದ ಹತ್ತಿರ. ಅದನ್ನು ನಡೆಸುವ ಜಿಎಂಆರ್ ಗುಂಪಿನ ವರಲಕ್ಷ್ಮಿ ಫೌಂಡೇಶನ್ ಇಲ್ಲಿನ ಯುವಕ ಯುವತಿಯರಿಗೆ ಕೆಲಸದ ತರಬೇತಿ ಕೊಡುತ್ತದೆ. ಏನಾದರೂ ಎಡವಟ್ಟಾದರೆ ಊರಿನವರು ಗೇಟಿನ ಮುಂದೆ ನಿಂತು ಕೇಳಬಹುದು. ಆದರೆ ನಮ್ಮ ಕಂಪನಿ ಬೇರೆ ದೇಶದಲ್ಲಿದ್ದರೆ?

ಈ ಪ್ರಶ್ನೆ ಹುಟ್ಟಿದ್ದು ನನ್ನ ಕೆಲಸದಲ್ಲಿ. ನಮ್ಮ ಟೀಮು ಸಿಎಸ್‌ಆರ್ ಖರ್ಚು ದಾಖಲಿಸುವ ಸಾಫ್ಟ್‌ವೇರ್ ಮಾಡ್ತಾ ಇತ್ತು. ಯೋಜನೆ ಎಲ್ಲಿ ಅನ್ನೋ ಜಾಗದಲ್ಲಿ ರಾಜ್ಯ, ಜಿಲ್ಲೆ ಅಂತ ಎರಡೇ ಕಾಲಂ. "ದೇಶ ಎಲ್ರೀ?" ಅಂತ ಆಫ್ರಿಕಾದಲ್ಲೂ ವ್ಯವಹಾರ ಇರುವ ಗ್ರಾಹಕರೊಬ್ಬರು ಕೇಳಿದರು. ಬಗ್ ಅಂದುಕೊಂಡೆ. ನೋಡಿದರೆ ಕಾನೂನೇ ಹಾಗಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಕ್ರೀಡಾಪಟುಗಳ ತರಬೇತಿ ಬಿಟ್ಟರೆ ಹೊರದೇಶದ ಖರ್ಚು ಇದರಲ್ಲಿ ಲೆಕ್ಕಕ್ಕಿಲ್ಲ. ವಿದೇಶಿ ಶಾಖೆಯ ಲಾಭವನ್ನೂ ಸೇರಿಸಲ್ಲ, ಅಷ್ಟರ ಮಟ್ಟಿಗೆ ನ್ಯಾಯ ಅನ್ನಿ.

ಹಾಗಾದರೆ ಹೊರಗೆ ನಮ್ಮವರು ಏನು ಮಾಡ್ತಾರೆ? ಈ ಕಾನೂನಿಗೂ ಮುಂಚಿನ ಒಂದು ಉದಾಹರಣೆ, ನಮ್ಮ ಬೆಂಗಳೂರಿನದೇ. ಕರುಟೂರಿ ಗ್ಲೋಬಲ್ 2007ರಲ್ಲಿ ಕೀನ್ಯಾದ ನೈವಾಶಾ ಸರೋವರದ ಬಳಿ ದೊಡ್ಡ ಗುಲಾಬಿ ತೋಟ ಕೊಂಡಿತು. ಕೆಲಸಗಾರರಿಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ, ಕಂಪನಿ ಹೆಸರಿನ ಫುಟ್‌ಬಾಲ್ ತಂಡ ಕೂಡ ಇತ್ತು. ಕಾಟಾಚಾರದ ಕೆಲಸ ಅಲ್ಲ ಅದು. ಆದರೆ 2013ರಲ್ಲಿ ಇನ್ನೊಂದು ಸುದ್ದಿ ಬಂತು. ದುಬೈನಲ್ಲಿರುವ ತನ್ನದೇ ಕಂಪನಿಗೆ ಹೂವನ್ನು ಕಡಿಮೆ ಬೆಲೆಗೆ ಮಾರಿ ತೆರಿಗೆ ತಪ್ಪಿಸಿದೆ ಅಂತ ಕೀನ್ಯಾದ ತೆರಿಗೆ ಇಲಾಖೆ ಹೇಳಿತು. ಕಂಪನಿ ಒಪ್ಪಲಿಲ್ಲ. 2014ರಲ್ಲಿ ಸಾಲಕ್ಕಾಗಿ ತೋಟ ರಿಸೀವರ್ ಕೈಗೆ ಹೋಯಿತು.

ನಮ್ಮ ಭಾಷೆಯಲ್ಲಿ ಇದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಸಂಬಳ, ಶಾಲೆ, ಔಷಧಿ ಎಲ್ಲಾ ಒಂದೇ ಸರ್ವರ್ ಮೇಲೆ. ತೆರಿಗೆ ಸರಿಯಾಗಿ ಕಟ್ಟಿದರೆ ಆ ದೇಶದ ಸರ್ಕಾರವೇ ಆಸ್ಪತ್ರೆ ನಡೆಸಬಹುದು, ಕಂಪನಿ ಮುಳುಗಿದರೂ ಅದು ಉಳಿಯುತ್ತೆ. ಕಂಪನಿ ಕೊಟ್ಟ ಆಸ್ಪತ್ರೆಗೆ ಆ ಬ್ಯಾಕಪ್ ಇಲ್ಲ.

ಆಮೇಲೆ ನಮ್ಮ ಸಾಫ್ಟ್‌ವೇರ್‌ಗೆ ಎರಡು ಕಾಲಂ ಸೇರಿಸಿದೆ: ದೇಶ, ಅಲ್ಲಿ ಕಟ್ಟಿದ ತೆರಿಗೆ. ಸರ್ಕಾರಿ ವರದಿಗೆ ಅವು ಹೋಗಲ್ಲ, ತುಂಬಲೇಬೇಕು ಅಂತಾನೂ ಇಲ್ಲ. ಮೊದಲನೆಯದನ್ನು ಆ ಗ್ರಾಹಕರು ತುಂಬ್ತಾ ಇದ್ದಾರೆ. ಎರಡನೆಯದು ಇನ್ನೂ ಖಾಲಿ ಇದೆ.