ಕಣ್ಣಿಗೆ ಕಟ್ಟುವ ಆಟ

ಕಳೆದ ದಸರೆಯ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಆಕೆ ಎಲೆಯಡಿಕೆಯ ತಟ್ಟೆಯನ್ನು ಮುಂದಿಟ್ಟು, “ಅಣ್ಣಾ, ಇವನಿಗೆ ನೀನಾದರೂ ಬುದ್ಧಿ ಹೇಳು” ಎಂದಳು. ಇವನು ಎಂದರೆ ಅವಳ ಮಗ. ಕಾಲೇಜಿನ ಕೊನೆಯ ವರ್ಷದಲ್ಲಿದ್ದಾನೆ. ಚೀಟಿ ಎತ್ತಿದ ಹಣ ಮನೆಗೆ ಬಂದಿತ್ತು. ಅದರಲ್ಲಿ ಒಂದು ಪಾಲು ಕೊಟ್ಟರೆ, ಮುಖಕ್ಕೆ ಕಟ್ಟಿಕೊಂಡು ಆಡುವ ವಿ.ಆರ್. ಕನ್ನಡಕವನ್ನು ಕೊಳ್ಳುತ್ತೇನೆಂದು ಅವನ ಹಠ. “ಆಟಕ್ಕೆ ಇಷ್ಟು ದುಡ್ಡೆ?” ಎಂಬುದು ತಾಯಿಯ ಪ್ರಶ್ನೆ. “ಇದು ಬರೀ ಆಟ ಅಲ್ಲ ಮಾವ” ಎಂಬುದು ಮಗನ ಉತ್ತರ.

ಸಂಧಿ ಸಮಾಸಗಳನ್ನು ಮಕ್ಕಳ ಬಾಯಲ್ಲಿ ಹೇಳಿಸುವುದರಲ್ಲೇ ತಲೆ ನರೆತ ನನಗೆ ಇಂಥ ವ್ಯವಹಾರದಲ್ಲಿ ತೀರ್ಪು ಕೊಡುವ ಯೋಗ್ಯತೆ ಎಲ್ಲಿಂದ ಬರಬೇಕು? ಆದರೂ ಸೋದರಮಾವನಾಗಿ ಹುಟ್ಟಿದ ತಪ್ಪಿಗೆ, ನಾಲ್ಕು ದಿನ ಅವನ ಪಕ್ಕದಲ್ಲಿ ಕುಳಿತು ನೋಡಿದೆ, ತಿಳಿದವರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ಇದೇ ಹಠ ತಮ್ಮ ಮನೆಗಳಲ್ಲಿಯೂ ನಡೆಯುತ್ತಿರಬಹುದು. ಆದಕಾರಣ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ.

ಹುಡುಗನ ವಿಷಯ ಒಂದು ಮಾತು ಮೊದಲು ಹೇಳಬೇಕು. ಚಿಕ್ಕಂದಿನಿಂದ ಅವನಿಗೆ ವಿಮಾನದ ಹುಚ್ಚು. ಆದರೆ ಎಡಗಣ್ಣು ಮಂದ. ಬಾಲ್ಯದಲ್ಲಿ ಬಲಗಣ್ಣಿಗೆ ಪಟ್ಟಿ ಕಟ್ಟಿ ಎಡಗಣ್ಣನ್ನು ದುಡಿಸಲು ವೈದ್ಯರು ಪ್ರಯತ್ನಪಟ್ಟರು, ಪೂರ್ತಿ ಫಲಿಸಲಿಲ್ಲ. ವಿಮಾನ ನಡೆಸುವ ಉದ್ಯೋಗ ಈ ಕಣ್ಣಿಗೆ ಒದಗದೆಂದು ಪರೀಕ್ಷೆ ಮಾಡಿದವರು ಹೇಳಿಬಿಟ್ಟರು. ಹಾಗಾಗಿ ಮೇಜಿನ ಮೇಲಿರುವ ಕಂಪ್ಯೂಟರಿನ ವಿಮಾನವೇ ಅವನ ಪಾಲಿನ ವಿಮಾನ. ತಂಗಿ ಬೈಯುವಾಗ ದನಿ ತಗ್ಗಿಸಿಯೇ ಬೈಯುವುದಕ್ಕೆ ಕಾರಣ ಇದು.

ಅವನು ಆಡುವುದು ಮೈಕ್ರೋಸಾಫ್ಟ್ ಕಂಪನಿಯವರು 2020ರಲ್ಲಿ ಹೊರತಂದ ಫ್ಲೈಟ್ ಸಿಮ್ಯುಲೇಟರ್. ಇದರಲ್ಲಿ ಉಪಗ್ರಹದ ಚಿತ್ರಗಳನ್ನು ಆಧರಿಸಿ ಇಡೀ ಭೂಮಂಡಲವನ್ನೇ ಕೂಡಿಸಿದ್ದಾರೆ. ನಮ್ಮ ಮಂಗಳೂರಿನ ಬಜಪೆಯಲ್ಲಿ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿರುವ ವಿಮಾನ ನಿಲ್ದಾಣವೂ ಅದರಲ್ಲಿದೆ. ಹುಡುಗ ಚಿಕ್ಕದೊಂದು ವಿಮಾನವನ್ನು ಅಲ್ಲಿ ಇಳಿಸಲು ಹೆಣಗುತ್ತಿದ್ದ. ಇಳಿಯುವ ಮೊದಲು ಓಡುಪಟ್ಟಿಯನ್ನು ಪಕ್ಕಕ್ಕೆ ಇಟ್ಟುಕೊಂಡು ಅದಕ್ಕೆ ಸಮಾನಾಂತರವಾಗಿ ಹಾರಬೇಕು. ಅದು ಹಿಂದೆ ಸರಿದು ಹೆಗಲಿನ ಆಚೆಗೆ ಹೋದಾಗ ತಿರುಗಬೇಕು. ಎಂದರೆ, ಆ ಗಳಿಗೆಯಲ್ಲಿ ನೋಡಬೇಕಾದದ್ದು ಎದುರಿಗಿಲ್ಲ, ಹೆಗಲ ಹಿಂದಿದೆ. ಮೇಜಿನ ಮೇಲಿನ ಪರದೆಯಾದರೋ ಎದುರಿನದನ್ನು ಮಾತ್ರ ತೋರಿಸುತ್ತದೆ. ಪಕ್ಕಕ್ಕೆ ನೋಡಲು ಜಾಯ್‌ಸ್ಟಿಕ್ಕಿನ ತುದಿಯಲ್ಲಿರುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಗುಂಡಿ ಒತ್ತಿ, ಪಟ್ಟಿಯನ್ನು ಹುಡುಕಿ, ಮತ್ತೆ ನೇರ ನೋಡುವುದರೊಳಗೆ ವಿಮಾನ ಎಲ್ಲಿಯೋ ಹೋಗಿರುತ್ತದೆ. ಕುದುರೆಗೆ ಕಣ್ಣುಪಟ್ಟಿ ಕಟ್ಟಿ ಜಟಕಾ ಓಡಿಸುತ್ತಾರಲ್ಲ, ಇಲ್ಲಿ ಆ ಪಟ್ಟಿ ಸಾರಥಿಗೇ ಬಿದ್ದಿದೆ.

ಈ ಕಷ್ಟಕ್ಕೆ ಎರಡು ಪರಿಹಾರಗಳಿವೆ. ಒಂದು ತಲೆಯ ಚಲನೆಯನ್ನು ಅಳೆಯುವ ಹೆಡ್ ಟ್ರ್ಯಾಕಿಂಗ್. ಇನ್ನೊಂದು ಮುಖಕ್ಕೆ ಕಟ್ಟುವ ವಿ.ಆರ್. ಹುಟ್ಟಿನಲ್ಲಿ ಇವೆರಡೂ ಒಡಹುಟ್ಟಿದವು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಐವನ್ ಸದರ್ಲೆಂಡ್ ಎಂಬವರು 1968ರಲ್ಲಿ ತೋರಿಸಿದ ಯಂತ್ರದಲ್ಲಿ ಎರಡು ಕಣ್ಣಿಗೂ ಒಂದೊಂದು ಪುಟ್ಟ ಚಿತ್ರವಿತ್ತು. ತಲೆ ತಿರುಗಿದಂತೆ ಆ ಚಿತ್ರವೂ ಬದಲಾಗುತ್ತಿತ್ತು. ಆ ಯಂತ್ರವನ್ನು ಮಾಳಿಗೆಯಿಂದ ತೂಗುಹಾಕಿದ್ದರು. ಅಲ್ಲಿ ಒಂದೇ ಆಗಿದ್ದ ಎರಡು ಗುಣಗಳು ಈಗ ಅಂಗಡಿಯಲ್ಲಿ ಎರಡು ಬೆಲೆಗೆ ಸಿಕ್ಕುತ್ತವೆ.

ಹೆಡ್ ಟ್ರ್ಯಾಕಿಂಗಿನ ಉಪಾಯ ಬಹಳ ಸರಳ. ಟ್ರ್ಯಾಕ್‌ಐಆರ್ ಎಂಬುದು ಇದರಲ್ಲಿ ಹೆಸರಾದ ಸಾಧನ. ಪರದೆಯ ನೆತ್ತಿಯ ಮೇಲೆ ಒಂದು ಸಣ್ಣ ಕ್ಯಾಮರಾ ಕೂರುತ್ತದೆ. ಟೋಪಿಯ ಅಂಚಿಗೆ, ಬೆಳಕನ್ನು ಹಿಂದಿರುಗಿಸುವ ಮೂರು ಚುಕ್ಕೆಗಳಿರುವ ಕ್ಲಿಪ್ಪನ್ನು ಸಿಕ್ಕಿಸಿಕೊಳ್ಳಬೇಕು. ಕ್ಯಾಮರಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಆ ಮೂರು ಚುಕ್ಕೆಗಳನ್ನು ಸೆಕೆಂಡಿಗೆ 120 ಬಾರಿ ನೋಡಿ, ತಲೆ ಎತ್ತ ತಿರುಗಿತು, ಎಷ್ಟು ಬಾಗಿತು, ಹಿಂದೆ ಮುಂದೆ ಎಷ್ಟು ಸರಿಯಿತು ಎಂಬುದನ್ನು ಲೆಕ್ಕಹಾಕುತ್ತದೆ. ತಾವು ಕೇಳಬಹುದು: ತಲೆಯನ್ನು ಪೂರ್ತಿ ತಿರುಗಿಸಿದರೆ ಪರದೆಯನ್ನು ನೋಡುವವರು ಯಾರು? ಅಲ್ಲಿಯೇ ಜಾಣತನವಿರುವುದು. ತಲೆ 20 ಡಿಗ್ರಿ ತಿರುಗಿದರೆ ಆಟದೊಳಗಿನ ತಲೆ 100 ಡಿಗ್ರಿ ತಿರುಗುವಂತೆ ಹೊಂದಿಸಿಕೊಳ್ಳಬಹುದು. ಮುಖ ತುಸುವೇ ಪಕ್ಕಕ್ಕೆ, ಕಣ್ಣು ಮಾತ್ರ ಪರದೆಯ ಮೇಲೆ. ನಮ್ಮ ಕವಿಗಳು ಕಡೆಗಣ್ಣ ನೋಟವನ್ನು ಎಷ್ಟೋ ಬಗೆಯಾಗಿ ವರ್ಣಿಸಿದ್ದಾರೆ. ವಿಮಾನ ಇಳಿಸುವುದಕ್ಕೂ ಅದು ಬೇಕಾದೀತೆಂದು ಅವರು ಎಣಿಸಿರಲಾರರು. ಮೊದಲ ಅರ್ಧ ಗಂಟೆ ವಿಚಿತ್ರವೆನಿಸುತ್ತದೆ, ಆಮೇಲೆ ಕತ್ತು ತಾನಾಗಿ ಕಲಿಯುತ್ತದೆ.

ಇದರ ಬೆಲೆ ಅಮೆರಿಕದಲ್ಲಿ 150 ಡಾಲರಿನ ಆಸುಪಾಸು. ಆದರೆ ಓಪನ್‌ಟ್ರ್ಯಾಕ್ ಎಂಬ ಪ್ರೋಗ್ರಾಮು ಪುಕ್ಕಟೆಯಾಗಿ ದೊರೆಯುತ್ತದೆ. ಪಾಠ ಕೇಳುವುದಕ್ಕೆಂದು ಮನೆಮನೆಗೂ ಬಂದಿರುವ ಸಾಧಾರಣ ವೆಬ್‌ಕ್ಯಾಮರಾದಲ್ಲಿಯೇ ಮುಖವನ್ನು ಗುರುತುಹಿಡಿದು ಅದು ಕೆಲಸ ನಡೆಸುತ್ತದೆ. ಕೋಣೆಯಲ್ಲಿ ಬೆಳಕು ಸಾಕಷ್ಟಿರಬೇಕು. ಚುರುಕು ಒಂದಿಷ್ಟು ಕಡಿಮೆ. ಆದರೂ ಬಿಡಿಗಾಸಿನ ಖರ್ಚಿಲ್ಲದೆ ಪರೀಕ್ಷಿಸಿ ನೋಡಬಹುದಾದ ವಸ್ತು ಈ ಪೇಟೆಯಲ್ಲಿ ಬೇರೆ ಇಲ್ಲ.

ಇನ್ನು ವಿ.ಆರ್. ಅದರ ಜೀವಾಳ ಎರಡು ಕಣ್ಣಿಗೆ ಎರಡು ಚಿತ್ರ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 63 ಮಿಲಿಮೀಟರ್ ಅಂತರವಿದೆ. ಆದ್ದರಿಂದ ಒಂದೊಂದು ಕಣ್ಣೂ ಲೋಕವನ್ನು ತುಸು ಬೇರೆಯಾಗಿ ಕಾಣುತ್ತದೆ, ಎರಡನ್ನೂ ಮಿದುಳು ಬೆರೆಸಿ ಆಳವನ್ನು ತಿಳಿಯುತ್ತದೆ. ಇದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿಯೇ ಸ್ಟೀರಿಯೋಸ್ಕೋಪ್ ಎಂಬ ಕನ್ನಡಿಯ ಉಪಕರಣದಿಂದ ತೋರಿಸಿಕೊಟ್ಟಿದ್ದರು. ಈಗಿನ ಕನ್ನಡಕ ಅದರ ಮೊಮ್ಮಗ.

ಸೋದರಳಿಯ ಗೆಳೆಯನೊಬ್ಬನಿಂದ ಎರಡು ದಿನಕ್ಕೆಂದು ಒಂದನ್ನು ತಂದಿದ್ದ. “ಒಂದು ಸಲ ಹಾಕ್ಕೊಂಡು ನೋಡಿ ಮಾವ, ಆಮೇಲೆ ಬೇಕಾದರೆ ಬೈಯಿರಿ” ಎಂದ. ಹಾಕಿಕೊಂಡೆ. ಸುಳ್ಳು ಹೇಳಲಾರೆ, ಬೆರಗಾದೆ. ಪರದೆಯ ಮೇಲೆ ಅಂಗೈಯಷ್ಟಿದ್ದ ವಿಮಾನದ ಕೋಣೆ ನಿಜವಾದ ಅಳತೆಗೆ ಬೆಳೆದು ನನ್ನನ್ನು ಒಳಗೆ ಕೂರಿಸಿಕೊಂಡಿತು. ಕಿಟಕಿಯ ಚೌಕಟ್ಟನ್ನು ಹಿಡಿದುಕೊಳ್ಳಲು ಕೈಚಾಚಿದೆ. ಕೈಗೆ ಸಿಕ್ಕಿದ್ದು ತಂಗಿಯ ಮನೆಯ ಗೋಡೆಗಡಿಯಾರ. ಕೆಳಗೆ ನೇತ್ರಾವತಿ, ಅದರಾಚೆ ಸಮುದ್ರ. ಹೆಗಲಿನ ಹಿಂದೆ ತಿರುಗಿ ನೋಡಿದೆ, ಓಡುಪಟ್ಟಿ ಇರಬೇಕಾದಲ್ಲೇ ಇತ್ತು. ಗುಂಡಿಯ ಗೊಡವೆಯೇ ಇಲ್ಲ.

ಅಷ್ಟರಲ್ಲಿ ಹುಡುಗ ವಿಮಾನವನ್ನು ಓರೆಮಾಡಿ ತಿರುಗಿಸಿದ. ಕಣ್ಣು ‘ತಿರುಗುತ್ತಿದ್ದೇನೆ’ ಎಂದಿತು. ಕಿವಿಯೊಳಗಿರುವ ಸಮತೋಲದ ಅಂಗ ‘ಕುರ್ಚಿಯ ಮೇಲೆ ಸುಮ್ಮನೆ ಕುಳಿತಿದ್ದೇನೆ’ ಎಂದಿತು. ಸಾಕ್ಷಿಗಳಿಬ್ಬರು ಬೇರೆಬೇರೆ ಹೇಳಿಕೆ ಕೊಟ್ಟರೆ ಹೊಟ್ಟೆ ಶಿಕ್ಷೆ ಅನುಭವಿಸುತ್ತದೆ. ಹತ್ತು ನಿಮಿಷದಲ್ಲಿ ಕನ್ನಡಕ ಕಳಚಿ, ನಿಂಬೆಹಣ್ಣಿನ ಪಾನಕ ಕುಡಿದು ಸಂಜೆಯವರೆಗೆ ಮಲಗಿದೆ. ಹಸ್ತಿನಾವತಿಯಲ್ಲಿ ಕುಳಿತು ಕುರುಕ್ಷೇತ್ರವನ್ನು ಕಂಡ ಸಂಜಯನಿಗೆ ತಲೆ ಸುತ್ತಿತೆಂದು ನಾನು ಓದಿದ ಯಾವ ಭಾರತದಲ್ಲೂ ಇಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ, ದಿನಕ್ಕೆ ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಕೊಂಡರೆ ಹಲವರಿಗೆ ಒಗ್ಗುತ್ತದೆ. ಆದರೆ ಯಾರಿಗೆ ಒಗ್ಗುತ್ತದೆ, ಯಾರಿಗಿಲ್ಲ ಎಂಬುದು ಹಾಕಿಕೊಂಡು ನೋಡಿದಲ್ಲದೆ ತಿಳಿಯದು. ಅಂಗಡಿಯವನು ಹೇಳಲಾರ.

ಸಂಜೆ ಎದ್ದು ಕುಳಿತಾಗ, “ನಿನಗೆ ಹೇಗೆ ಕಾಣಿಸಿತೋ?” ಎಂದು ಕೇಳಿದೆ. ಅವನು ಸ್ವಲ್ಪ ತಡೆದು, “ದೊಡ್ಡದಾಗಿ ಕಾಣತ್ತೆ ಮಾವ, ತಲೆ ಆಡಿಸಿದರೆ ಎಲ್ಲಾ ಸರಿಯಾಗಿ ಸರಿಯತ್ತೆ. ಆದರೆ ಇವರೆಲ್ಲ ಹೇಳೋ ಹಾಗೆ ಎದ್ದು ಬಂದು ಮುಂದೆ ನಿಲ್ಲಲ್ಲ” ಎಂದ. ಅದು ಸಹಜವೇ. ಎರಡು ಕಣ್ಣನ್ನು ಬೆರೆಸಿ ಆಳ ತಿಳಿಯುವ ವಿದ್ಯೆ ಅವನ ಮಿದುಳಿಗೆ ಪೂರ್ತಿ ಬಂದಿಲ್ಲ. ಅವನು ಆಳವನ್ನು ತಿಳಿಯುವುದು ತಲೆಯನ್ನು ಆಚೀಚೆ ಸರಿಸಿ: ಹತ್ತಿರದ ಕಂಬ ಹೆಚ್ಚು ಸರಿಯುತ್ತದೆ, ದೂರದ ಗುಡ್ಡ ಕಡಿಮೆ ಸರಿಯುತ್ತದೆ. ಆ ಬಗೆಯ ಆಳವನ್ನು ಟೋಪಿಯ ಕ್ಲಿಪ್ಪೂ ಕೊಡುತ್ತದೆ. ಎಂದರೆ, ಬೆಲೆಯಲ್ಲಿ ಬಹುಭಾಗ ಯಾವ ಗುಣಕ್ಕೆ ತೆರಬೇಕೋ ಆ ಗುಣದಲ್ಲಿ ಅವನಿಗೆ ಅರ್ಧವೂ ದಕ್ಕುವಂತಿರಲಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ಮೆಟಾ ಕಂಪನಿಯ ಕ್ವೆಸ್ಟ್ 3 ಎಂಬುದು 2023ರಲ್ಲಿ 499 ಡಾಲರಿಗೂ, ಅದರ ಅಗ್ಗದ ತಮ್ಮ 3ಎಸ್ 2024ರಲ್ಲಿ 299 ಡಾಲರಿಗೂ ಬಂದವು. ಸೋನಿಯವರ ಎರಡನೆಯ ಪ್ಲೇಸ್ಟೇಷನ್ ವಿ.ಆರ್. 2023ರಲ್ಲಿ ಸುಮಾರು 550 ಡಾಲರಿಗೆ ಬಂತು. ಅದನ್ನು ಜೋಡಿಸುವ ಆಟದ ಯಂತ್ರಕ್ಕಿಂತ ಕನ್ನಡಕಕ್ಕೇ ಹೆಚ್ಚು ಬೆಲೆ! ನಮ್ಮಲ್ಲಿಗೆ ಬರುವಾಗ ಸುಂಕವೂ ಲಾಭವೂ ಸೇರುತ್ತವೆ. ಇಷ್ಟಕ್ಕೇ ಮುಗಿಯದು. ಸಾಮಾನ್ಯ ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕೆಗಳನ್ನು ಬರೆಯುವ ಕಂಪ್ಯೂಟರು, ಕ್ವೆಸ್ಟ್ 3ರ ಎರಡು ಕಣ್ಣಿಗೂ ಸೇರಿ 91 ಲಕ್ಷ ಚುಕ್ಕೆಗಳನ್ನು ಸೆಕೆಂಡಿಗೆ 72 ಬಾರಿ ಅಥವಾ ಅದಕ್ಕೂ ಹೆಚ್ಚು ಬರೆಯಬೇಕಾಗುತ್ತದೆ. ವಿಮಾನದ ಆಟದಂಥ ಭಾರವಾದ ಆಟಕ್ಕೆ ಹಳೆಯ ಗ್ರಾಫಿಕ್ಸ್ ಕಾರ್ಡು ತಾಳದು. ಎಮ್ಮೆ ಕೊಂಡ ಮೇಲೆ ಕೊಟ್ಟಿಗೆ ಕಟ್ಟಿಸುವ ಖರ್ಚು. ಅಷ್ಟು ಮಾಡಿದರೂ ವಿಮಾನದ ಗಡಿಯಾರಗಳ ಸಣ್ಣ ಅಂಕೆಗಳು ಮಂಕು. ಕನ್ನಡಕ ಡಿಗ್ರಿಯೊಂದಕ್ಕೆ ಸುಮಾರು 25 ಚುಕ್ಕೆ ತೋರಿಸಿದರೆ, ಒಳ್ಳೆಯ ಕಣ್ಣು 60ರವರೆಗೆ ಬೇರೆಬೇರೆಯಾಗಿ ಕಾಣಬಲ್ಲದು. ತೂಕ 515 ಗ್ರಾಂ. ನಮ್ಮ ಯಕ್ಷಗಾನದ ವೇಷಧಾರಿ ರಾತ್ರಿಯಿಡೀ ಕಿರೀಟ ಹೊರುವುದಿಲ್ಲವೆ ಎಂದರೆ, ಕಿರೀಟದ ಭಾರ ನೆತ್ತಿಯಿಂದ ನೇರ ಕೆಳಗಿಳಿಯುತ್ತದೆ. ಇದು ಮೂಗಿನ ಮುಂದೆ ನೇತಾಡುತ್ತದೆ.

ಇದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೊಂದು. 2017ರಿಂದ ಹಲವು ಕಂಪನಿಗಳು ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ ಎಂಬ ಏರ್ಪಾಡನ್ನು ನಂಬಿ ಕನ್ನಡಕಗಳನ್ನು ಮಾಡಿ ಮಾರಿದವು. 2024ರಲ್ಲಿ ಮೈಕ್ರೋಸಾಫ್ಟಿನವರು ವಿಂಡೋಸ್ 11ರ ಹೊಸ ಆವೃತ್ತಿಯಿಂದ ಆ ಏರ್ಪಾಡನ್ನೇ ತೆಗೆದುಹಾಕಿದರು. ಗಾಜು ಒಡೆದಿಲ್ಲ, ತಂತಿ ಕಡಿದಿಲ್ಲ. ಆದರೂ ಹೊಸ ಆವೃತ್ತಿಗೆ ಹೋದವನ ಕನ್ನಡಕ ಕೆಲಸಕ್ಕೆ ಬಾರದಾಯಿತು. 1995ರಲ್ಲಿ ನಿಂಟೆಂಡೊ ಕಂಪನಿಯ ವರ್ಚುಅಲ್ ಬಾಯ್ ಎಂಬ ಆಟದ ಯಂತ್ರ ಬಂದು ಮರುವರ್ಷವೇ ಮೂಲೆಗೆ ಸೇರಿದ್ದೂ ಉಂಟು. ಅಜ್ಜನ ಕಾಲದ ರೇಡಿಯೋ ಕವಾಟುಗಳನ್ನು ಬದಲಾಯಿಸಿದರೆ ಇಂದಿಗೂ ಹಾಡೀತು. ಈ ಸಾಮಾನಿಗೆ ಆ ಭಾಗ್ಯವಿಲ್ಲ. ಅದರ ಆಯುಸ್ಸು ಕೊಂಡವನ ಕೈಯಲ್ಲಿಲ್ಲ.

ಹಾಗಾದರೆ ವಿ.ಆರ್. ಯಾರಿಗೂ ಬೇಡವೆ? ಹಾಗೆನ್ನಲಾರೆ. ಎದ್ದು ನಿಂತು ಕೈಬೀಸಿ ಆಡುವ ಆಟಗಳಿವೆ. ತಾಳಕ್ಕೆ ಸರಿಯಾಗಿ ಪೆಟ್ಟಿಗೆಗಳನ್ನು ಕತ್ತರಿಸುವ ಬೀಟ್ ಸೇಬರ್, 2020ರ ಹಾಫ್-ಲೈಫ್: ಅಲಿಕ್ಸ್ ಮುಂತಾದವು ಕನ್ನಡಕಕ್ಕೆಂದೇ ಹುಟ್ಟಿದವು, ಟೋಪಿ ಅಲ್ಲಿ ನಿಷ್ಪ್ರಯೋಜಕ. ಲಾರಿ ಓಡಿಸುವ ಯೂರೋ ಟ್ರಕ್ ಸಿಮ್ಯುಲೇಟರ್, ವಿಮಾನದ ಆಟ ಮುಂತಾದ, ಕುಳಿತು ನಡೆಸುವ ಆಟಗಳಲ್ಲಿ ಟೋಪಿಗೂ ಕನ್ನಡಕಕ್ಕೂ ಪೈಪೋಟಿ. ಫೋನಿನಲ್ಲಿ ಕ್ರಿಕೆಟ್ಟೋ ಚದುರಂಗವೋ ಆಡುವವರಿಗೆ ಎರಡೂ ಬೇಡ. ಇನ್ನು ಚಿಕ್ಕ ಮಕ್ಕಳ ಮಾತು: ಮೆಟಾದವರು 10 ವರ್ಷಕ್ಕೂ, ಸೋನಿಯವರು 12 ವರ್ಷಕ್ಕೂ ಕೆಳಗಿನವರಿಗೆ ಬೇಡವೆಂದು ತಾವಾಗಿಯೇ ಹೇಳಿದ್ದಾರೆ. ಮಾರುವವನೇ ಬೇಡವೆನ್ನುವಾಗ ಕೊಡಿಸುವವರಿಗೆ ಅವಸರವೇಕೆ?

ತಂಗಿಗೆ ನಾನು ಹೇಳಿದ್ದು ಹೀಗೆ. ಚೀಟಿಯ ಹಣ ಸದ್ಯಕ್ಕೆ ಬ್ಯಾಂಕಿನಲ್ಲಿರಲಿ. ಹುಡುಗ ಮೊದಲು ಪುಕ್ಕಟೆ ಪ್ರೋಗ್ರಾಮಿನಲ್ಲಿ ಎರಡು ತಿಂಗಳು ಹಾರಲಿ. ಅಷ್ಟಾದ ಮೇಲೂ ಹುಚ್ಚು ಇಳಿಯದಿದ್ದರೆ ಟೋಪಿಯ ಕ್ಲಿಪ್ಪನ್ನು ನಾನೇ ಕೊಡಿಸುತ್ತೇನೆ. ಕನ್ನಡಕವನ್ನು ಅವನು ಸಂಪಾದನೆಗೆ ಹತ್ತಿದ ಮೇಲೆ, ಇನ್ನೊಮ್ಮೆ ಎರಡು ದಿನ ಎರವಲು ತಂದು ನೋಡಿ, ಬೇಕೆನಿಸಿದರೆ ಕೊಳ್ಳಲಿ. ಅವನ ಮುಖ ಬಾಡಿತು. “ಮಾವ, ಆ ಕನ್ನಡಕದೊಳಗೆ ನಾನು ನಿಜವಾಗಲೂ ಒಳಗೆ ಕೂತಿದ್ದೆ” ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ಕೂತಿದ್ದವನೇ ತಾನೆ.

ಮೊನ್ನೆ ಭಾನುವಾರ ಫೋನು ಮಾಡಿದ್ದ. ಟೋಪಿ ಬಂದು ಮೂರು ವಾರವಾಗಿದೆ. ಬಜಪೆಯಲ್ಲಿ ಅಡ್ಡಗಾಳಿಯಿಟ್ಟುಕೊಂಡು ನಾಲ್ಕು ಸಲ ಇಳಿಸಿದನಂತೆ. ಓಡುಪಟ್ಟಿಯನ್ನು ಎಡಹೆಗಲಿನ ಮೇಲಿಂದ ಹೇಗೆ ಹಿಡಿದನೆಂಬುದನ್ನು ಕಾಲುಗಂಟೆ ವಿವರಿಸಿದ. ನಡುವೆ ಹಿಂದಿನಿಂದ ತಂಗಿ, “ಕಾಫಿ ಆರಿಹೋಗ್ತಿದೆ ಕಣೋ” ಎಂದು ಕೂಗಿದ್ದು ನನಗೂ ಕೇಳಿಸಿತು. “ಬಂದೆ ಅಮ್ಮ, ಇದೊಂದು ಸುತ್ತು” ಎಂದ.